ಹತ್ತು ಪೌಂಡಿನ ಆಕಾಶ

1902ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ವಿಲಾಮೆಟ್ ಕಣಿವೆಯಲ್ಲಿ ಎಲಿಸ್ ಹ್ಯೂಸ್ ಎಂಬಾತನಿಗೆ ಕಾಡಿನೊಳಗೆ ಒಂದು ವಿಚಿತ್ರ ಬಂಡೆ ಕಂಡಿತು. ಕಲ್ಲಿನಿಂದ ಕುಟ್ಟಿದರೆ ಠಣ್ಣೆನ್ನುತ್ತಿತ್ತು. ಅದು ಕಬ್ಬಿಣ, ಆಕಾಶದಿಂದ ಬಿದ್ದ ಕಬ್ಬಿಣ, ತೂಕ ಹದಿನೈದೂವರೆ ಟನ್. ತೊಡಕೊಂದೇ: ಬಂಡೆ ಇದ್ದ ಜಾಗ ಪಕ್ಕದ ಓರೆಗಾನ್ ಐರನ್ ಅಂಡ್ ಸ್ಟೀಲ್ ಕಂಪನಿಯದು. ಹ್ಯೂಸ್ ಸದ್ದಿಲ್ಲದೆ ಕೆಲಸಕ್ಕಿಳಿದ. ಮರದ ದಿಮ್ಮಿಗಳ ಬಂಡಿ ಕಟ್ಟಿ, ಹಗ್ಗ ಸುತ್ತುವ ರಾಟೆ ನೆಟ್ಟು, ಮಗನನ್ನೂ ಒಂದು ಕುದುರೆಯನ್ನೂ ಜೊತೆಗಿಟ್ಟುಕೊಂಡು, ಸುಮಾರು ಮೂರು ತಿಂಗಳು ಹೆಣಗಾಡಿ ಅದನ್ನು ಮುಕ್ಕಾಲು ಮೈಲಿ ದೂರದ ತನ್ನ ಜಮೀನಿಗೆ ತಂದ. ಸುತ್ತ ಒಂದು ಗುಡಿಸಲು ಹಾಕಿ, ನೋಡಲು ಬಂದವರಿಂದ ತಲೆಗೆ 25 ಸೆಂಟ್ ವಸೂಲಿಗೂ ಶುರುಮಾಡಿದ.

ಕಂಪನಿಗೆ ಸುಳಿವು ಸಿಕ್ಕಿತು, ಮೊಕದ್ದಮೆ ಹೂಡಿತು. ಅಷ್ಟರಲ್ಲಾಗಲೇ ಅಯೋವಾ ರಾಜ್ಯದ ಒಂದು ತೀರ್ಪು ದಾರಿ ತೋರಿಸಿತ್ತು. 1890ರ ಮೇ 2ರಂದು ಫಾರೆಸ್ಟ್ ಸಿಟಿ ಊರಿನ ಬಳಿ ಉಲ್ಕೆ ಸಿಡಿದು, 66 ಪೌಂಡ್, ಅಂದರೆ ಸುಮಾರು 30 ಕಿಲೋ ತೂಕದ ಕಲ್ಲೊಂದು ಗೊಡ್ಡಾರ್ಡ್ ಎಂಬವರ ಹುಲ್ಲುಗಾವಲಿನಲ್ಲಿ ಹೂತುಕೊಂಡಿತ್ತು. ಅದನ್ನು ಅಗೆದು ತೆಗೆದವನು ಬೇರೊಬ್ಬ. 105 ಡಾಲರಿಗೆ ಕೊಂಡವರು ಭೂವಿಜ್ಞಾನಿ ಹೊರೇಸ್ ವಿಂಚೆಲ್. ಗೊಡ್ಡಾರ್ಡ್ ಕೋರ್ಟಿಗೆ ಹೋದರು. ಮಳೆ, ಮಣ್ಣು, ಹೊಳೆ ತಂದು ಹಾಕುವ ಮೆಕ್ಕಲು ಯಾರ ನೆಲದ ಮೇಲೆ ಬೀಳುತ್ತದೋ ಅವರದಾಗುವ ಹಾಗೆ ಉಲ್ಕಾಶಿಲೆಯೂ ನೆಲದ ಒಡೆಯನದೇ ಎಂದು 1892ರಲ್ಲಿ ಅಯೋವಾದ ಸುಪ್ರೀಂ ಕೋರ್ಟ್ ಹೇಳಿತು. ಆಕಾಶದ ಕಲ್ಲಿಗೆ ಬೇರೆ ಕಾನೂನು ಹುಡುಕುವ ತಾಪತ್ರಯವೇ ಬೇಡವೆಂದು ಅದನ್ನು ಮಣ್ಣಿನ ಲೆಕ್ಕಕ್ಕೆ ಸೇರಿಸಿದ್ದು ಜಾಣತನವೇ ಸರಿ.

ಹ್ಯೂಸ್‌ನ ಪರ ವಕೀಲರು ಮಾತ್ರ ಬೇರೆಯೇ ವಾದ ಹೂಡಿದರು. ಮೂಲನಿವಾಸಿ ಸಾಕ್ಷಿಗಳನ್ನು ಕರೆತಂದು, ಕ್ಲಾಕಮಸ್ ಜನ ಈ ಬಂಡೆಯನ್ನು ಪವಿತ್ರವೆಂದು ನಂಬಿದ್ದರು, ಅದರ ಗುಳಿಗಳಲ್ಲಿ ನಿಂತ ನೀರಿನಿಂದ ಮುಖ ತೊಳೆಯುತ್ತಿದ್ದರು, ಬಾಣ ಅದ್ದುತ್ತಿದ್ದರು ಎಂದು ಹೇಳಿಸಿದರು. ಹಾಗಾದರೆ ಇದು ಭೂಮಿಯ ಭಾಗವಲ್ಲ, ಯಾರೋ ಬಿಟ್ಟುಹೋದ ಸ್ವತ್ತು, ಸಿಕ್ಕವನಿಗೆ ಸೇರತಕ್ಕದ್ದು ಎಂಬುದು ತರ್ಕ. ಒಂದು ಜನಾಂಗದ ದೇವರನ್ನು ದಾರಿಯಲ್ಲಿ ಬಿದ್ದ ಸಾಮಾನಿನ ಲೆಕ್ಕಕ್ಕೆ ಹಿಡಿದ ಈ ವಾದವನ್ನು ಓರೆಗಾನ್ ಸುಪ್ರೀಂ ಕೋರ್ಟ್ 1905ರಲ್ಲಿ ಒಪ್ಪಲಿಲ್ಲ. ಬಂಡೆ ಕಂಪನಿಯ ಪಾಲಾಯಿತು. ಸಿರಿವಂತ ಮಹಿಳೆಯೊಬ್ಬರು ಅದನ್ನು ಕೊಂಡು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಕೊಟ್ಟರು. ಅಂದು ಸಾಕ್ಷಿಗಳಷ್ಟೇ ಆಗಿದ್ದ ಜನರ ಹಕ್ಕು 2000ದಲ್ಲಿ ಮತ್ತೆ ಎದ್ದಿತು. ಕ್ಲಾಕಮಸ್ ಜನರೂ ಸೇರಿರುವ ಗ್ರ್ಯಾಂಡ್ ರೋಂಡ್ ಬುಡಕಟ್ಟುಗಳ ಒಕ್ಕೂಟದ ಜೊತೆ ಮ್ಯೂಸಿಯಂ ಒಪ್ಪಂದ ಮಾಡಿಕೊಂಡಿತು: ಬಂಡೆ ಅಲ್ಲೇ ಇರಲಿ, ಪ್ರತಿವರ್ಷ ಅವರು ಬಂದು ತಮ್ಮ ವಿಧಿ ನೆರವೇರಿಸಲಿ.

ಇದೆಲ್ಲ ಖಾಸಗಿ ಜಮೀನಿನ ಜಗಳ. ಸರ್ಕಾರವೇ ಒಡೆಯನಾದಾಗ? ಅಮೆರಿಕದ ಪಶ್ಚಿಮದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಒಂದೇ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ, ಹೆಚ್ಚಿನದು ಮರುಭೂಮಿ, ಕುರುಚಲು, ಬೋಳು ಗುಡ್ಡ. ಅಲ್ಲಿ 1872ರ ಗಣಿ ಕಾಯ್ದೆಯದೇ ಆಳ್ವಿಕೆ: ಬೆಲೆಬಾಳುವ ಖನಿಜ ಕಂಡವನು ಗೂಟ ನೆಟ್ಟು ಹಕ್ಕು ಹೇಳಬಹುದು. ಚಿನ್ನ ಬೆಳ್ಳಿ ಅರಸುವವರಿಗಾಗಿ ಬರೆದ ಈ ಕಾಯ್ದೆಯ ಕಣ್ಣಿಗೆ, ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಅಗೇಟ್, ಜಾಸ್ಪರ್ ಹೆಕ್ಕಲು ಹೋಗುವ ಹವ್ಯಾಸಿ ಬಿದ್ದೇ ಇರಲಿಲ್ಲ.

ಹವ್ಯಾಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಮಾಡಿದ್ದು ಕಲ್ಲಾದ ಮರ. ಅರಿಜೋನಾದಲ್ಲಿ ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನ ಮರಗಳು ಬಣ್ಣಬಣ್ಣದ ಕ್ವಾರ್ಟ್ಜ್ ಆಗಿ ಬಿದ್ದುಕೊಂಡಿವೆ. ರೈಲು ಬಂದ ಮೇಲೆ ಅವುಗಳ ಗ್ರಹಚಾರ ಕೆಟ್ಟಿತು. ಒಳಗಿನ ಅಮೆಥಿಸ್ಟ್ ಹರಳಿಗಾಗಿ ದಿಮ್ಮಿಗಳಿಗೆ ಡೈನಮೈಟ್ ಇಟ್ಟರು. ಅರೆದು ಉಜ್ಜುಪುಡಿ ಮಾಡಿ ಮಾರಲು ಗಿರಣಿಯನ್ನೇ ಕಟ್ಟಿದರು. ಸ್ಥಳೀಯರೇ ಗಾಬರಿಬಿದ್ದು, 1895ರಲ್ಲಿ ಅಲ್ಲಿಯ ಶಾಸನಸಭೆ ರಕ್ಷಣೆಗಾಗಿ ವಾಷಿಂಗ್ಟನ್ನಿಗೆ ಮನವಿ ಸಲ್ಲಿಸಿತು. 1906ರ ಡಿಸೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಆ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಆ ಅಧಿಕಾರ ಅವರಿಗೆ ಬಂದದ್ದು ಅದೇ ವರ್ಷದ ಪ್ರಾಚ್ಯವಸ್ತು ಕಾಯ್ದೆಯಿಂದ. ನೈಋತ್ಯದ ಪಾಳುಮನೆಗಳಿಂದ ಮಡಕೆ ಕುಡಿಕೆ ಕದಿಯುವವರನ್ನು ತಡೆಯಲೆಂದು ಹುಟ್ಟಿದ ಈ ಕಾಯ್ದೆಯಲ್ಲಿ ವಿಜ್ಞಾನಕ್ಕೆ ಮಹತ್ವದ ವಸ್ತುಗಳಿಗೂ ಜಾಗವಿತ್ತು.

ಕಾಯ್ದೆ ಬಂದರೂ ಜೇಬಿಗೆ ಬೀಗ ಹಾಕಲಾದೀತೆ? ಪ್ರವಾಸಿಗಳು ಚೂರು ಒಯ್ಯುತ್ತಲೇ ಇದ್ದರು. ಆಮೇಲೆ ಒಂದು ತಮಾಷೆ ನಡೆಯಿತು: ಕದ್ದ ಕಲ್ಲುಗಳು ಅಂಚೆಯಲ್ಲಿ ವಾಪಸು ಬರತೊಡಗಿದವು, ಜೊತೆಗೆ ತಪ್ಪೊಪ್ಪಿಗೆಯ ಕಾಗದ. ಕೆಲಸ ಹೋಯಿತು, ಮದುವೆ ಮುರಿಯಿತು, ಕಾಯಿಲೆ ಬಂತು, ಎಲ್ಲಕ್ಕೂ ಈ ಕಲ್ಲಿನ ಶಾಪವೇ ಕಾರಣವೆಂಬ ಗೋಳು. ಹಿಂದಿರುಗಿದ ಕಲ್ಲನ್ನು ಇದ್ದಲ್ಲೇ ಇಡುವಂತಿಲ್ಲ, ಅದು ಎಲ್ಲಿಯದೆಂದು ಯಾರಿಗೆ ಗೊತ್ತು? ಹಾಗಾಗಿ ಪಾರ್ಕಿನವರು ಅವನ್ನೆಲ್ಲ ಒಂದು ಕಡೆ ರಾಶಿ ಹಾಕಿದರು. ಆ ಗುಡ್ಡೆಗೆ ‘ಆತ್ಮಸಾಕ್ಷಿಯ ರಾಶಿ’ ಎಂದೇ ಹೆಸರು.

1962ರಲ್ಲಿ ಈ ಸ್ಮಾರಕ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಉದ್ಯಾನದ ಹೊರಗಿನ ಸರ್ಕಾರಿ ಜಮೀನಿಗಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇನ್ನೊಂದು ಕಾನೂನು ಮಾಡಿ, ಕಲ್ಲಾದ ಮರವನ್ನು ಗಣಿ ಕಾಯ್ದೆಯಿಂದ ಹೊರಗಿಟ್ಟಿತು. ಇನ್ನು ಅದಕ್ಕೆ ಗೂಟ ನೆಡುವಂತಿಲ್ಲ; ಆದರೆ ಹವ್ಯಾಸಿ ಸ್ವಲ್ಪ ಒಯ್ಯಬಹುದು, ಪುಕ್ಕಟೆಯಾಗಿ. ಎಷ್ಟು ಎಂಬುದನ್ನು ನಿಯಮ ಬಿಡಿಸಿ ಹೇಳುತ್ತದೆ: ದಿನಕ್ಕೆ 25 ಪೌಂಡ್, ಮೇಲೊಂದು ತುಂಡು, ವರ್ಷಕ್ಕೆ 250 ಪೌಂಡ್ ಮೀರಕೂಡದು. ಮಾರಕೂಡದು, ಯಂತ್ರ ತರಕೂಡದು. ನಾಲ್ಕು ಜನ ಸೇರಿ ತಮ್ಮ ಪಾಲನ್ನೆಲ್ಲ ಕೂಡಿಸಿ ಒಂದೇ ದೊಡ್ಡ ದಿಮ್ಮಿ ಹೊತ್ತೊಯ್ಯುವುದಕ್ಕೂ ತಡೆ. ಇಂಥ ಕೊಕ್ಕೆಗಳನ್ನು ಓದಿದರೆ, ಬರೆದವರು ಕಲ್ಲು ಹೆಕ್ಕುವವರ ಸ್ವಭಾವ ಚೆನ್ನಾಗಿ ಬಲ್ಲವರೇ ಎನಿಸುತ್ತದೆ. ಸಾಮಾನ್ಯ ಕಲ್ಲುಹರಳುಗಳ ವಿಷಯದಲ್ಲಿ ಮಾತ್ರ ನಿಯಮ ‘ಮಿತವಾದ ಪ್ರಮಾಣ’ ಎಂದಷ್ಟೇ ಹೇಳಿ ಸುಮ್ಮನಾಗಿದೆ. ನ್ಯೂ ಮೆಕ್ಸಿಕೋದಲ್ಲಂತೂ ಕಲ್ಲು ಒಯ್ಯಿರಿ ಎಂದು ಕರೆಯುವ ಪಾರ್ಕೇ ಇದೆ. 1966ರಲ್ಲಿ ಆರಂಭವಾದ ರಾಕ್‌ಹೌಂಡ್ ಸ್ಟೇಟ್ ಪಾರ್ಕಿನಲ್ಲಿ 15 ಪೌಂಡಿನವರೆಗೆ ಹೆಕ್ಕಿಕೊಳ್ಳಬಹುದು.

ಉಲ್ಕಾಶಿಲೆಯ ಸರದಿ ಬಂದದ್ದು 1970ರ ದಶಕದ ನಡುವೆ. ಕ್ಯಾಲಿಫೋರ್ನಿಯಾದ ಓಲ್ಡ್ ವುಮನ್ ಬೆಟ್ಟಗಳಲ್ಲಿ, ಸ್ಪೇನಿನವರು ಬಿಟ್ಟುಹೋದರೆನ್ನಲಾದ ಚಿನ್ನದ ಗಣಿಯನ್ನು ಹುಡುಕುತ್ತಿದ್ದವರಿಗೆ 2,753 ಕಿಲೋ ತೂಕದ ಕಬ್ಬಿಣದ ಉಲ್ಕಾಶಿಲೆ ಎದುರಾಯಿತು. ಅವರು ರೂಢಿಯಂತೆ ಗಣಿ ಹಕ್ಕು ಹೇಳಿಕೊಂಡರು. ಸರ್ಕಾರ ಒಪ್ಪಲಿಲ್ಲ: ಇದು ಖನಿಜ ನಿಕ್ಷೇಪವಲ್ಲ, ಪ್ರಾಚ್ಯವಸ್ತು ಕಾಯ್ದೆಯಡಿ ಬರುವ ವೈಜ್ಞಾನಿಕ ವಸ್ತು. 1977ರಲ್ಲಿ ನೌಕಾದಳದ ಮರೀನ್ ಪಡೆಯ ಹೆಲಿಕಾಪ್ಟರ್ ಅದನ್ನು ಕೊರಕಲಿನಿಂದ ಎತ್ತಿತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂಗೆ ಅದು ಹೋಗುತ್ತದೆಂದಾಗ ಕ್ಯಾಲಿಫೋರ್ನಿಯಾ ರಾಜ್ಯವೇ ಕೋರ್ಟಿಗೆ ಹೋಯಿತು. 1980ರಲ್ಲಿ ಮೇಲ್ಮನವಿಯಲ್ಲೂ ಅದಕ್ಕೆ ಗೆಲುವಾಗಲಿಲ್ಲ. ಕೊನೆಗೆ ಒಂದು ಭಾಗವನ್ನು ಕೊಯ್ದು ಸ್ಮಿತ್ಸೋನಿಯನ್ ಇಟ್ಟುಕೊಂಡಿತು. ಉಳಿದದ್ದು ಈಗ ಬಾರ್‌ಸ್ಟೋ ಪಟ್ಟಣದಲ್ಲಿದೆ.

ಹೀಗೆ ಮಡಕೆ ಕುಡಿಕೆಯ ಕಾಯ್ದೆ ನಕ್ಷತ್ರಲೋಕದ ಕಬ್ಬಿಣಕ್ಕೂ ಕಾವಲಾಯಿತು. ಆದರೆ ಅಂಗೈಯಗಲದ ಕಲ್ಲು ಹೆಕ್ಕುವವನು ಕಳ್ಳನೋ ಅಲ್ಲವೋ ಎಂಬುದಕ್ಕೆ ಇದರಲ್ಲಿ ಉತ್ತರವಿರಲಿಲ್ಲ. 1995ರಲ್ಲಿ ಅರಿಜೋನಾದ ಗೋಲ್ಡ್ ಬೇಸಿನ್‌ನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನ ಅರಸುತ್ತಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ ಉಲ್ಕಾಶಿಲೆಗಳು ಸಿಕ್ಕವು. ಅವರೂ ಅವರ ಹವ್ಯಾಸಿ ಗೆಳೆಯರೂ ಸಿಕ್ಕ ಜಾಗಗಳನ್ನು ಗುರುತು ಹಾಕಿಕೊಂಡು ವಿಜ್ಞಾನಿಗಳ ಜೊತೆ ಕೆಲಸ ಮಾಡಿದರು. ಅಂಥವರು ಇಲ್ಲದಿದ್ದರೆ ಆ ಕಲ್ಲುಗಳು ಅಲ್ಲೇ ತುಕ್ಕು ಹಿಡಿಯುತ್ತಿದ್ದವು.

2012ರ ಸೆಪ್ಟೆಂಬರಿನಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಇಲಾಖೆ ಕೊನೆಗೂ ಸ್ಪಷ್ಟ ಸೂಚನೆ ಹೊರಡಿಸಿತು. ಹವ್ಯಾಸಿ ವರ್ಷಕ್ಕೆ 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋ ಉಲ್ಕಾಶಿಲೆಯನ್ನು ನೆಲದ ಮೇಲಿನಿಂದ ಹೆಕ್ಕಬಹುದು. ಮೆಟಲ್ ಡಿಟೆಕ್ಟರ್ ಸರಿ, ಯಂತ್ರಗಳು ಬೇಡ. ಮಾರಬೇಕಾದರೆ ವಾಣಿಜ್ಯ ಪರವಾನಗಿ, ಸಂಶೋಧನೆಗಾದರೆ ಪ್ರಾಚ್ಯವಸ್ತು ಕಾಯ್ದೆಯಡಿ ಬೇರೊಂದು ಪರವಾನಗಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಮಾತ್ರ ಒಂದು ಚೂರೂ ಮುಟ್ಟುವಂತಿಲ್ಲ.

ಈ ಲೆಕ್ಕದಲ್ಲಿ ಒಂದು ಪೇಚಿದೆ. ತಕ್ಕಡಿಗೆ ತೂಕ ಗೊತ್ತು, ಬೆಲೆ ಗೊತ್ತಿಲ್ಲ. ಕಾಂಡ್ರೈಟ್ ಎಂಬ ಸಾಧಾರಣ ಬಗೆಯ ಉಲ್ಕಾಶಿಲೆ ಹತ್ತು ಪೌಂಡ್ ಸಿಕ್ಕರೂ ಅದು ಹೊಸದಾಗಿ ಹೇಳುವುದು ಕಡಿಮೆ. ಚಂದ್ರನಿಂದಲೋ ಮಂಗಳನಿಂದಲೋ ಸಿಡಿದು ಬಂದ ಬೆರಳುದ್ದದ ಚೂರು ಪ್ರಯೋಗಾಲಯಗಳಿಗೆ ವರ್ಷಗಟ್ಟಲೆ ಕೆಲಸ ಕೊಡಬಲ್ಲದು. ನಿಯಮದ ಪ್ರಕಾರ ಎರಡೂ ಒಂದೇ, ಎರಡನ್ನೂ ಮನೆಯ ಶೋಕೇಸಿನಲ್ಲಿ ಇಟ್ಟುಕೊಳ್ಳಬಹುದು. ಗೋಲ್ಡ್ ಬೇಸಿನ್‌ನಲ್ಲಿ ಇನ್ನೂ ಒಂದು ಫಜೀತಿ. ಉಲ್ಕೆ ಚದುರಿದ ಪ್ರದೇಶ ಇಲಾಖೆಯ ಜಮೀನನ್ನು ದಾಟಿ, ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುವ ಲೇಕ್ ಮೀಡ್ ವಲಯದೊಳಗೂ ಚಾಚಿದೆ. ಹಾಗಾಗಿ ಅಲ್ಲಿಗೆ ಹೊರಡುವ ಹವ್ಯಾಸಿ ಡಿಟೆಕ್ಟರ್, ನೀರಿನ ಬಾಟಲಿಯ ಜೊತೆಗೆ ಗಡಿರೇಖೆ ತೋರಿಸುವ ನಕ್ಷೆಯನ್ನೂ ಒಯ್ಯಬೇಕಾಗುತ್ತದೆ.