ಮದ್ದಿನೊಡನೆ ಬಂದ ವ್ಯಾಧಿ

ತುರು ಎಂದರೆ ಗೋವು. ಆ ಶಬ್ದವು ನಮ್ಮ ತುರುವೇಕೆರೆಯ ಹೆಸರಿನಲ್ಲಿಯೇ ಕೇಳಿಬರುತ್ತದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು; ಅದರ ಕಾವಲುಗಳು ನಮ್ಮ ಸೀಮೆಯಲ್ಲಿಯೂ ಇದ್ದವು. ಇಂಥ ಸೀಮೆಯಲ್ಲಿ ದೊಡ್ಡರೋಗವೆಂದರೆ ಹಟ್ಟಿಗೆ ಹಟ್ಟಿಯೇ ನಡುಗುತ್ತಿದ್ದಿತು. ಆ ಮಾರಿಯನ್ನು ಓಡಿಸಿದುದು ಸೂಜಿಮದ್ದು. ಭಾರತದಲ್ಲಿ 1995ರ ತರುವಾಯ ಅದು ತಲೆಯೆತ್ತಲಿಲ್ಲ. 2011ರಲ್ಲಿ ಲೋಕದಿಂದಲೇ ತೊಲಗಿತೆಂದು ಘೋಷಿಸಲ್ಪಟ್ಟಿತು. ಆದರೂ ಇಂಥ ಮದ್ದುಗಳ ಚರಿತ್ರೆಯಲ್ಲಿ ವಾಚಕರು ಅರಿತಿರಬೇಕಾದ ಅಧ್ಯಾಯವೊಂದುಂಟು.

ಮೊದಲು ದೊಡ್ಡರೋಗದ ನಿವಾರಣೆಗಾಗಿ ರೋಗದ ಹೋರಿಯ ರಕ್ತವನ್ನೂ ರಕ್ಷಕ ಸೀರಮ್ಮನ್ನೂ ಒಟ್ಟಿಗೆ ಚುಚ್ಚುತ್ತಿದ್ದರು. ಆ ರಕ್ತದೊಡನೆ ರಕ್ತಕಣಗಳಲ್ಲಿ ವಾಸಿಸುವ ಬೇರೆ ರೋಗಾಣುಗಳೂ ದನಗಳನ್ನು ಸೇರುತ್ತಿದ್ದವು. ಆದುದರಿಂದಲೇ 1920ರ ದಶಕದಲ್ಲಿ ಮುಕ್ತೇಶ್ವರದ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ಹೋರಿಯ ಬದಲು ಆಡಿನಲ್ಲಿ ಆ ವಿಷವನ್ನು ಬೆಳೆಸುವ ಕ್ರಮವನ್ನು ಹಿಡಿದನು.

ಇದಕ್ಕಿಂತ ಘೋರವಾದುದು ಸ್ಕಾಟ್ಲೆಂಡಿನ ವೃತ್ತಾಂತ. ಅಲ್ಲಿ ಉಣುಗುಗಳಿಂದ ಹರಡುವ ‘ಲೂಪಿಂಗ್ ಇಲ್’ ಎಂಬ ಮಿದುಳುಬೇನೆಯು ಕುರಿಗಳನ್ನು ಕೊಲ್ಲುತ್ತಿದ್ದಿತು. ನಮ್ಮ ಮಲೆನಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆಯ ವೈರಾಣುವೂ ಅದೇ ಕುಲದ್ದು. 1935ರಲ್ಲಿ ಕುರಿಗಳ ಮಿದುಳು, ಬೆನ್ನುಹುರಿ, ಗುಲ್ಮಗಳನ್ನು ಅರೆದು, ಫಾರ್ಮಲಿನ್ನಿನಿಂದ ಶೋಧಿಸಿ ಲಸಿಕೆ ಮಾಡಿದರು. ಎರಡು ವರ್ಷಗಳಿಗೂ ಮೇಲ್ಪಟ್ಟು ಕಳೆದ ಬಳಿಕ, ಲಸಿಕೆ ಪಡೆದ ಮಂದೆಗಳಲ್ಲಿ ಕುರಿಗಳು ಬೇಲಿಗೆ ಮೈಯುಜ್ಜಿ, ಉಣ್ಣೆ ಕಳೆದುಕೊಂಡು, ತೂರಾಡಿ ಸಾಯತೊಡಗಿದುವು. ಇದು ‘ಸ್ಕ್ರೇಪಿ’ ಎಂಬ ಹಳೆಯ ತುರಿವ್ಯಾಧಿ. ಗಾರ್ಡನ್ ಎಂಬ ಪಶುವೈದ್ಯನು ವಿಚಾರಿಸಿ, 18,000 ಮಾತ್ರೆಗಳ ಎರಡನೆಯ ತಂಡದ ಮದ್ದೇ ಇದಕ್ಕೆ ಮೂಲವೆಂದು ಕಂಡನು. ಅದಕ್ಕೆ ಬಳಸಿದ ಕುರಿಗಳಲ್ಲಿ ಕೆಲವು ಆ ವ್ಯಾಧಿಯ ಸಂಸರ್ಗವಿದ್ದ ತಾಯಿಗಳ ಮರಿಗಳಾಗಿದ್ದುವು. ರಕ್ಷಣೆಗೆ ಕಟ್ಟಿದ ಬೇಲಿಯೇ ಹೊಲ ಮೇದಂತಾಯಿತು.

ಫಾರ್ಮಲಿನ್ನಿಗೂ ಸಾಯದ ಆ ವಿಷವಾದರೂ ಯಾವುದು? 1936ರಲ್ಲಿಯೇ ಫ್ರಾನ್ಸಿನ ಕ್ವಿಯೆ ಮತ್ತು ಶೆಲ್ ಎಂಬಿಬ್ಬರು ಈ ವ್ಯಾಧಿ ಅಂಟುವುದೆಂದು ತೋರಿಸಿದ್ದರು. ಅದು ಕ್ರಿಮಿಯಲ್ಲ, ವೈರಾಣುವೂ ಅಲ್ಲ, ಮಡಿಕೆ ಕೆಟ್ಟ ಪ್ರೋಟೀನೆಂದು ಪ್ರತಿಪಾದಿಸಿ, 1982ರಲ್ಲಿ ‘ಪ್ರಿಯಾನ್’ ಎಂಬ ಹೆಸರನ್ನಿತ್ತವನು ಅಮೆರಿಕದ ಪ್ರೂಸಿನರ್. 1997ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ವಿಧಿವಿಲಾಸವೋ ಎಂಬಂತೆ, ಆ ಕಾಲಕ್ಕೇ ಇಟಲಿಯಲ್ಲಿ ಮತ್ತೊಂದು ಲಸಿಕೆಯನ್ನು ಪಡೆದ ಕುರಿ ಮೇಕೆಗಳ ಹಿಂಡುಗಳಲ್ಲಿ ಇದೇ ವ್ಯಾಧಿ ಕಾಣಿಸಿಕೊಂಡಿತು.

ಇಷ್ಟರಿಂದ ಸೂಜಿಯನ್ನೇ ಶಂಕಿಸಿ ಹಟ್ಟಿಯನ್ನು ರೋಗಕ್ಕೆ ಒಪ್ಪಿಸುವುದು ವಿವೇಕವಲ್ಲ. ಲಸಿಕೆಯಿಲ್ಲದಿದ್ದರೆ ದೊಡ್ಡರೋಗ ತೊಲಗುತ್ತಿರಲಿಲ್ಲ. ಯಾವ ತಂಡದ ಮದ್ದು ಯಾವ ಮಂದೆಗೆ ಹೋಯಿತೆಂಬ ಲೆಕ್ಕವಿದ್ದುದರಿಂದಲೇ ಗಾರ್ಡನನು ತಪ್ಪಿನ ಮೂಲವನ್ನು ಮುಟ್ಟಿದನು. 1946ರಲ್ಲಿ ಅದನ್ನು ಮರೆಮಾಚದೆ ಪ್ರಕಟಿಸಿದನು. ತಪ್ಪು ಮಾನವಸಹಜ, ಅದನ್ನು ಬರೆದಿಡುವುದು ಧರ್ಮ. ಮೂಕಪ್ರಾಣಿಯು ತನಗಾದುದನ್ನು ಹೇಳಲಾರದು. ಅದರ ಪರವಾಗಿ ನುಡಿಯುವುದು ಆ ಲೆಕ್ಕದ ಪುಸ್ತಕವೇ.