ಬೇವು: ಕೊಲ್ಹಾಪುರ ಸೀಮೆಯ ಮನೆಮದ್ದು ಮತ್ತು ಮನೆಬಳಕೆ

ಬೇವು (ಅಜಾಡಿರಾಕ್ಟಾ ಇಂಡಿಕಾ) ಮೀಲಿಯೇಸೀ ಕುಟುಂಬದ ಮರ. ಬಿಸಿಲಿಗೂ ಬರಕ್ಕೂ ಜಗ್ಗದೆ 15ರಿಂದ 20 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಲಿನೀಯಸ್ 1753ರಲ್ಲಿ ಇದನ್ನು ಮೀಲಿಯಾ ಕುಲಕ್ಕೆ ಸೇರಿಸಿದ್ದ; ಈಗಿನ ಹೆಸರು 1830ರದು, ಫ್ರಾನ್ಸಿನ ಸಸ್ಯವಿಜ್ಞಾನಿ ಆಡ್ರಿಯೆನ್ ದ ಜುಸ್ಸಿಯೂ ಇಟ್ಟದ್ದು. ಸಂಸ್ಕೃತದಲ್ಲಿ ನಿಂಬ, ಅರಿಷ್ಟ, ಮರಾಠಿಯಲ್ಲಿ ಕಡುಲಿಂಬ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ, ಅದರಲ್ಲೂ ಇಚಲಕರಂಜಿ ಮತ್ತು ಗಡಹಿಂಗ್ಲಜದ ಸುತ್ತ, ಮರಾಠಿ ಮತ್ತು ಕನ್ನಡ ಮನೆಗಳೆರಡೂ ಇದನ್ನು ಮದ್ದಿಗೆ, ಹಬ್ಬಕ್ಕೆ, ಕಾಳು ಕಾಯುವುದಕ್ಕೆ, ಬೆಳೆ ಉಳಿಸುವುದಕ್ಕೆ ಬಳಸುತ್ತ ಬಂದಿವೆ.

ಜಿಲ್ಲೆಯ ಎಲ್ಲ ಕಡೆ ಬೇವು ಒಂದೇ ಸಮನಾಗಿಲ್ಲ. ಸಹ್ಯಾದ್ರಿಯ ನೆತ್ತಿಗಿರುವ ಗಗನಬಾವಡಾದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ನೀರು ಹಿಡಿದಿಡುವ ನೆಲ ಬೇವಿಗೆ ಆಗದು. ಅಲ್ಲಿ ಈ ಮರ ಅಪರೂಪ. ಮೂಡಲಿಗೆ ಇಳಿದಂತೆ ಮಳೆ ತಗ್ಗುತ್ತ ಹೋಗಿ, ಶಿರೋಳ, ಹಾತಕಣಂಗಲೆಯ ಬಯಲಿಗೆ ಬರುವಷ್ಟರಲ್ಲಿ ಅದರ ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ನಿಲ್ಲುತ್ತದೆ. ಇಚಲಕರಂಜಿ ಇರುವುದು ಈ ಒಣಸೀಮೆಯಲ್ಲಿ. ಗಡಹಿಂಗ್ಲಜ ತಾಲೂಕು ನಡುವಿನದು: ಪಡುವಲಿಗೆ ಆಜರಾದ ಕಾಡು, ಮೂಡಲಿಗೆ ಹಿರಣ್ಯಕೇಶಿ ನದಿ ಹರಿದುಹೋಗುವ ಸಂಕೇಶ್ವರದ ಕಡೆಯ ಎರೆಭೂಮಿ. ನೂಲ, ಹಲಕರ್ಣಿಯಂಥ ಕನ್ನಡದ ಹಳ್ಳಿಗಳು ಈ ಮೂಡಣ ಬದಿಯವು. ಬೇವು ದಟ್ಟವಾಗಿರುವ ಕಡೆಯೇ ಕನ್ನಡವೂ ದಟ್ಟವಾಗಿದೆ ಎನ್ನಬಹುದು. ಮಳೆಗೂ ಮಾತಿಗೂ ನಂಟು ಕಟ್ಟಲು ಹೋಗಬೇಕಾಗಿಲ್ಲ, ಅಷ್ಟೆ.

ಮರದ ತಿಥಿ-ವಾರ ಹಬ್ಬಕ್ಕೆ ಹೊಂದಿಕೊಂಡಿದೆ. ಮಾಗಿಯ ಕೊನೆಗೆ ಎಲೆ ಉದುರಿ, ಚೈತ್ರಕ್ಕೆ ತಾಮ್ರಬಣ್ಣದ ಚಿಗುರು, ಅದರ ಬೆನ್ನಿಗೇ ಬಿಳಿ ಹೂ. ಯುಗಾದಿಯ ದಿನ ಮರಾಠಿ ಮನೆಯ ಮುಂದೆ ಗುಡಿ ಏಳುತ್ತದೆ: ಬಿದಿರ ಕೋಲಿಗೆ ರೇಷ್ಮೆ ಬಟ್ಟೆ, ಬೇವಿನ ಟೊಂಗೆ, ಸಕ್ಕರೆಯ ಸರ, ಮೇಲೆ ಬೋರಲು ಹಾಕಿದ ತಂಬಿಗೆ. ಒಳಗೆ ಎಳೆ ಬೇವಿನೆಲೆ, ಬೆಲ್ಲ, ಅಜವಾನ, ನೆನೆಸಿದ ಕಡಲೆಬೇಳೆ ಸೇರಿಸಿ ಅರೆದ ಚಟ್ನಿ. ಕನ್ನಡದ ಮನೆಯಲ್ಲಿ ಮಾಡುವುದು ಬೇರೆ. ಉತ್ತರ ಕರ್ನಾಟಕದ ರೂಢಿಯಂತೆ ಇಲ್ಲಿ ‘ಬೇವು’ ಅಂದರೆ ಕುಡಿಯುವ ಪದಾರ್ಥ: ಹುಣಸೆಯ ನೀರಿಗೆ ಬೆಲ್ಲ ಕರಗಿಸಿ, ಬೇವಿನ ಹೂ, ಪುಟಾಣಿ ಹಿಟ್ಟು, ಮಾವಿನಕಾಯಿ ತುರಿ, ಇದ್ದವರ ಮನೆಯಲ್ಲಿ ದ್ರಾಕ್ಷಿ, ಗೋಡಂಬಿ. ಕಹಿ ಅದರಲ್ಲಿ ಹೆಸರಿಗಷ್ಟೇ. ಮಕ್ಕಳು ಎರಡನೇ ಬಟ್ಟಲು ಕೇಳುವುದು ಅದಕ್ಕೇ. ಎರಡು ಪದ್ಧತಿಗೂ ಬೆಲ್ಲ ಊರಿನದೇ. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು.

ಬೇವಿನ ಮದ್ದಿನ ಬಳಕೆಯಲ್ಲಿ ಹೆಚ್ಚಿನದು ಮೈಮೇಲಿನದು. ತುರಿ, ಕಜ್ಜಿ, ಬೆವರುಸಾಲೆಗೆ ತಪ್ಪಲ ಕುದಿಸಿದ ನೀರಿನ ಜಳಕ. ಹುಣ್ಣಿಗೆ ಎಲೆ ಅರೆದು ಅರಿಶಿನ ಕಲಸಿ ಹಚ್ಚುವುದು. ತಲೆಯ ಹೇನಿಗೆ ಎಣ್ಣೆ. ಬೆಳಗ್ಗೆ ಹಲ್ಲಿಗೆ ಬೇವಿನ ಕಡ್ಡಿ. ಬಾಣಂತಿಗೂ ಕೂಸಿಗೂ ಎರೆಯುವ ನೀರಿಗೆ ಒಂದು ಹಿಡಿ ಎಲೆ ಬೀಳುತ್ತದೆ. ಸುಶ್ರುತ ಸಂಹಿತೆಯಲ್ಲಿ ಗಾಯಾಳು ಮಲಗಿರುವ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪು ಸೇರಿಸಿ ಹೊಗೆ ಹಾಕಬೇಕೆಂಬ ಮಾತಿದೆ. ಸಂಜೆ ಸೊಳ್ಳೆಗೆಂದು ದನದ ಕೊಟ್ಟಿಗೆಯಲ್ಲಿ ಹಸಿ ತಪ್ಪಲ ಸುಡುವವರು ಆ ಗ್ರಂಥ ಓದಿ ಸುಡುವುದಿಲ್ಲ, ಆದರೂ ಕ್ರಮ ಅದೇ. ಹೊಗೆಗೆ ಸೊಳ್ಳೆ ಓಡುವುದು ನಿಜ. ಉಬ್ಬಸದವರಿಗೆ ಅದು ತೊಂದರೆ ಕೊಡುವುದೂ ಅಷ್ಟೇ ನಿಜ.

ಸಿಡುಬು, ದಡಾರ, ಸೀತಾಳಸಿಡುಬು ಬಂದರೆ ‘ಅಮ್ಮ ಬಂದಾಳ’ ಎನ್ನುತ್ತಿದ್ದರು. ಮರಾಠಿಯವರಿಗೂ ಸಿಡುಬು ‘ದೇವಿ’ಯೇ. ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸಿದರೆ ಹೊರಗಿನವರು ಒಳಗೆ ಕಾಲಿಡುತ್ತಿರಲಿಲ್ಲ. ರೋಗಿಗೆ ಬೇವಿನೆಲೆಯ ಹಾಸಿಗೆ. ಕಡಿತಕ್ಕೆ ಉಗುರು ತಾಗಿಸದೆ ಎಲೆಯ ಗೊಂಚಲಿಂದ ಸವರುವುದು. ಗುಳ್ಳೆ ಒಣಗಿದ ಮೇಲೆ ಬೇವು, ಅರಿಶಿನದ ನೀರು ಎರೆದು ಅಮ್ಮನನ್ನು ಕಳಿಸುವುದು. ವೈರಸ್ಸನ್ನು ಎಲೆ ಕೊಲ್ಲುತ್ತಿರಲಿಲ್ಲ. ಬಾಗಿಲ ಟೊಂಗೆಯಿಂದ ಜನ ದೂರ ಉಳಿದದ್ದು, ಉಗುರು ತಾಗದೆ ಗುಳ್ಳೆ ಕೀವಾಗದ್ದು, ಇವೇ ಹೆಚ್ಚಿನ ಉಪಕಾರ ಎಂದು ತೋರುತ್ತದೆ. ದೇಶದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರದು, ಹೋದದ್ದು ಲಸಿಕೆಯಿಂದ. ದಡಾರಕ್ಕೂ ಈಗ ಲಸಿಕೆಯೇ ದಾರಿ.

ದೇವಿಯ ಜೊತೆಗಿನ ಬೇವಿನ ನಂಟು ಸವದತ್ತಿಯ ಎಲ್ಲಮ್ಮನ ಗುಡ್ಡದವರೆಗೆ ಹೋಗುತ್ತದೆ. ಮಾರ್ಗಶಿರ ಹುಣ್ಣಿಮೆಯ ಜಾತ್ರೆಗೆ ಕೊಲ್ಹಾಪುರ ಜಿಲ್ಲೆಯಿಂದ ಹೋಗುವವರು ಲೆಕ್ಕವಿಲ್ಲದಷ್ಟು. ಹರಕೆ ಹೊತ್ತವರು ಮೈಗೆ ಬೇವಿನ ಟೊಂಗೆ ಕಟ್ಟಿಕೊಂಡು ನಡೆಯುವ ‘ಬೇವಿನ ಉಡುಗೆ’ ಅಲ್ಲಿ ಹಳೆಯದು.  ಇತ್ತ ಮರಾಠಿ ಮನೆಗಳಲ್ಲಿ ಮಣ್ಣಿಗೆ ಹೋಗಿ ಬಂದವರು ಬೇವಿನೆಲೆ ಅಗಿದು ಒಳಗೆ ಬರುವ ರೂಢಿ ಇನ್ನೂ ಇದೆ.

ಹೊಟ್ಟೆಗೆ ತೆಗೆದುಕೊಳ್ಳುವ ಮಾತು ಬೇರೆ. ಚೈತ್ರದಲ್ಲಿ ಒಂದಿಷ್ಟು ಚಿಗುರು ತಿಂದರೆ ಅಪಾಯವಿಲ್ಲ. ಸಕ್ಕರೆ ಕಾಯಿಲೆಗೆಂದು ದಿನಾ ಖಾಲಿ ಹೊಟ್ಟೆಯಲ್ಲಿ ರಸ ಕುಡಿಯುವವರು ಮಾತ್ರೆಯನ್ನೂ ನುಂಗುತ್ತಿದ್ದರೆ ಸಕ್ಕರೆ ತೀರ ಇಳಿಯಬಹುದು. ಗರ್ಭಿಣಿಯರು ತೆಗೆದುಕೊಳ್ಳಕೂಡದು. ಎಲ್ಲಕ್ಕಿಂತ ಅಪಾಯದ್ದು ಬೇವಿನ ಎಣ್ಣೆಯನ್ನು ಹಸುಗೂಸಿಗೆ ಕುಡಿಸುವುದು: ವಾಂತಿ, ಫಿಟ್ಸ್, ಮಿದುಳಿನ ಊತ, ಸಾವು ಕೂಡ ವೈದ್ಯಕೀಯ ದಾಖಲೆಗಳಲ್ಲಿವೆ. ಹುಳಕ್ಕೆ ಒಳ್ಳೆಯದೆಂದು ಅಜ್ಜಿ ಹೇಳಿದರೂ ಕೂಸಿಗೆ ಬೇಡ. ಹುಚ್ಚುಬೇವು (ಮೀಲಿಯಾ ಅಜೆಡರಾಕ್) ನೋಡಲು ಬೇವಿನ ಹಾಗೇ ಇರುತ್ತದೆ; ಅದರ ಹೂ ನಸುನೇರಳೆ, ಹಣ್ಣು ವಿಷ.

ಕಾಳು ಮತ್ತು ಬಟ್ಟೆಯ ವಿಷಯದಲ್ಲಿ ಬೇವಿನ ಮೇಲೆ ಯಾರಿಗೂ ತಕರಾರಿಲ್ಲ. ನೆರಳಲ್ಲಿ ಒಣಗಿಸಿದ ಎಲೆಯನ್ನು ಜೋಳ, ಗೋಧಿ, ತೊಗರಿಯ ಚೀಲಕ್ಕೆ ಹಾಕುತ್ತಾರೆ. ಹಗೇವು ಇದ್ದ ಕಾಲದಲ್ಲಿ ಅದರೊಳಗೂ ಹಾಕುತ್ತಿದ್ದರು. ಎಲೆ ಹಸಿಯಿದ್ದರೆ ಕಾಳು ಬೂಸಲು ಹಿಡಿಯುತ್ತದೆ, ಆ ಎಚ್ಚರ ಬೇಕು. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದಂದಿನಿಂದ ಊರೇ ನೇಯ್ಗೆಯದಾಯಿತು. ಅಲ್ಲಿಯೂ ಮನೆಯ ಟ್ರಂಕಿನಲ್ಲಿ ರೇಷ್ಮೆ ಸೀರೆ, ಕಂಬಳಿ, ಕೌದಿಗಳ ಮಡಿಕೆಯ ನಡುವೆ ಇಡುವುದು ಈ ಎಲೆಯನ್ನೇ. ಬೇವಿನ ಕಟ್ಟಿಗೆಗೆ ಗೆದ್ದಲು ಸುಲಭಕ್ಕೆ ಹಿಡಿಯದು. ಬಾಗಿಲ ಚೌಕಟ್ಟು, ತೊಲೆಗಳಿಗೆ ಅದು ಒದಗುತ್ತದೆ.

ಹೊಲದಲ್ಲಿ ಬಳಸುವುದು ಬೀಜವನ್ನು. ಮಳೆಗಾಲದ ಆರಂಭದಲ್ಲಿ ಉದುರುವ ಹಣ್ಣನ್ನು, ಮರಾಠಿಯಲ್ಲಿ ನಿಂಬೋಳಿ, ಆರಿಸಿ ತೊಳೆದು ನೆರಳಲ್ಲಿ ಒಣಗಿಸುತ್ತಾರೆ. ಐದು ಕಿಲೋ ಬೀಜ ಜಜ್ಜಿ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಸೋಸಿ, ನೂರು ಲೀಟರಿಗೆ ತಂದು, ಎಲೆಗೆ ಅಂಟಲೆಂದು ಸ್ವಲ್ಪ ಸಾಬೂನು ಕದಡಿದರೆ ಶೇಕಡಾ 5ರ ಕಷಾಯ ಸಿದ್ಧ. ಇದರ ಸಾರವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುವುದರಿಂದ ಸಿಂಪಡಣೆ ಸಂಜೆಗೆ. ಅದು ಹುಳವನ್ನು ತಟ್ಟನೆ ಕೊಲ್ಲುವುದಿಲ್ಲ. ಮೇಯುವುದನ್ನು ನಿಲ್ಲಿಸಿ, ಪೊರೆ ಕಳಚಲು ಬಿಡದೆ ಸಾಯಿಸುತ್ತದೆ. ಎಣ್ಣೆ ತೆಗೆದು ಉಳಿದ ಹಿಂಡಿ ಕಬ್ಬಿನ ಗದ್ದೆಗೆ ಗೊಬ್ಬರ. ಎಮ್ಮೆಯ ಗಾಯಕ್ಕೆ ನೊಣ ಕೂಡ್ರದಂತೆ ಅದೇ ಎಣ್ಣೆ. ವಿಪರ್ಯಾಸವೆಂದರೆ, ನೀರಾವರಿ ಬಂದು ಕಬ್ಬು ಹಬ್ಬಿದಂತೆ ಬದುವಿನ ಬೇವು ನೆರಳು ಮಾಡುತ್ತದೆಂದು ಕಡಿಸಿಕೊಂಡಿತು. 2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿ, ಅದೇ ಗದ್ದೆಗೆ ಚೀಲದಲ್ಲಿ ಮರಳಿತು.

ಬೇವಿನ ಕಹಿಯನ್ನು ರಸಾಯನಶಾಸ್ತ್ರವಾಗಿ ಬಿಡಿಸಲು ತೊಡಗಿದವರು ರಸಾಯನವಿಜ್ಞಾನಿ ಸಲೀಮುಜ್ಜಮಾನ್ ಸಿದ್ದಿಕಿ. 1942ರಲ್ಲಿ ಅವರು ನಿಂಬಿನ್ ಮೊದಲಾದವನ್ನು ಬೇರ್ಪಡಿಸಿದರು. ಅಜಾಡಿರಾಕ್ಟಿನ್ ಸಿಕ್ಕಿದ್ದು 1968ರಲ್ಲಿ. ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಕಂಪನಿ, ಬೇವಿನ ಎಣ್ಣೆಯಿಂದ ಬೆಳೆಯ ಬೂಸು ರೋಗ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನ ಪೇಟೆಂಟ್ ಪಡೆದವು. ಎಂ. ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘ ಬೇವಿನ ಪೇಟೆಂಟುಗಳ ವಿರುದ್ಧ ಬೀದಿಗಿಳಿದಿತ್ತು. ಯುರೋಪಿನಲ್ಲಿ ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತು ಜೊತೆಗಾರರು ತಕರಾರು ಹಾಕಿದರು. ವಿಚಾರಣೆಯಲ್ಲಿ ಭಾರತದ ಉದ್ಯಮಿಯೊಬ್ಬರು ಕೊಟ್ಟ ಸಾಕ್ಷ್ಯ ತೂಕದ್ದಾಯಿತು: 1985 ಮತ್ತು 1986ರಲ್ಲೇ ಪುಣೆ ಹಾಗೂ ಸಾಂಗಲಿ ಜಿಲ್ಲೆಗಳ ರೈತರ ಹೊಲದಲ್ಲಿ ಇಂಥ ಸಾರದ ಪ್ರಯೋಗ ನಡೆದಿತ್ತು. ಸಾಂಗಲಿ ಜಿಲ್ಲೆ ಶಿರೋಳಕ್ಕೆ ಹತ್ತಿಕೊಂಡೇ ಇದೆ. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. 2005ರ ಮಾರ್ಚ್ 8ರಂದು ಮೇಲ್ಮನವಿಯೂ ವಜಾ ಆಯಿತು.