ಗಾಜಿನ ಸ್ಪಂಜಿನ ದಿಬ್ಬಗಳು

ಗಾಜಿನ ಸ್ಪಂಜಿನ ದಿಬ್ಬಗಳು ಸ್ಪಂಜು ಪ್ರಾಣಿಗಳ ಸಿಲಿಕಾ ಅಸ್ಥಿಪಂಜರಗಳು ತಲೆಮಾರಿನಿಂದ ತಲೆಮಾರಿಗೆ ಒಂದರ ಮೇಲೊಂದು ಬೆಳೆದು ಕಡಲ ತಳದಲ್ಲಿ ಉಂಟಾದ ರಚನೆಗಳು. ಇವುಗಳಲ್ಲಿ ಅತಿ ದೊಡ್ಡವು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕರಾವಳಿಯಾಚೆ, ಹೆಕೇಟ್ ಜಲಸಂಧಿ ಹಾಗೂ ಕ್ವೀನ್ ಷಾರ್ಲಟ್ ಸೌಂಡ್ ಎಂಬ ಕಡಲ ಭಾಗಗಳಲ್ಲಿವೆ. 1987ರಲ್ಲಿ ಇವು ಪತ್ತೆಯಾಗುವವರೆಗೆ, ಇಂತಹ ದಿಬ್ಬಗಳು ಪಳೆಯುಳಿಕೆಗಳಾಗಿ ಮಾತ್ರ ಉಳಿದಿವೆಯೆಂದು ವಿಜ್ಞಾನಿಗಳು ಭಾವಿಸಿದ್ದರು.

ಪತ್ತೆ

ಕೆನಡಾದ ಭೂವೈಜ್ಞಾನಿಕ ಸಮೀಕ್ಷೆಯ ವಿಜ್ಞಾನಿಗಳು ಶಬ್ದತರಂಗಗಳ ಮೂಲಕ ಕಡಲ ತಳದ ನಕ್ಷೆ ಸಿದ್ಧಪಡಿಸುತ್ತಿದ್ದಾಗ ವಿಚಿತ್ರ ಉಬ್ಬುಗಳು ಕಂಡುಬಂದವು. ಛಾಯಾಚಿತ್ರಗಳಿಂದ ಅವು ಜೀವಂತ ಸ್ಪಂಜುಗಳ ದಿಬ್ಬಗಳೆಂದು ತಿಳಿಯಿತು. ಜುರಾಸಿಕ್ ಯುಗದಲ್ಲಿ ಇಂತಹವು ಇಂದಿನ ಸ್ಪೇನ್‌ನಿಂದ ಜರ್ಮನಿಯ ಮೂಲಕ ರೊಮೇನಿಯಾದವರೆಗೆ ಹರಡಿದ್ದವು. ಆದ್ದರಿಂದ ಯುರೋಪಿನಲ್ಲಿ ಶಿಲೆಯಾಗಿ ಉಳಿದುದನ್ನು ಇಲ್ಲಿ ಜೀವಂತವಾಗಿ ಅಭ್ಯಸಿಸುವ ಅವಕಾಶ ದೊರೆಯಿತು.

ರಚನೆ

ಹಿಮಯುಗದ ಕೊನೆಯಲ್ಲಿ ತೇಲುತ್ತಿದ್ದ ನೀರ್ಗಲ್ಲುಗಳು ತಳವನ್ನು ಉತ್ತು, ಗೀರುಗಳ ಅಂಚಿನಲ್ಲಿ ಜಲ್ಲಿಕಲ್ಲುಗಳನ್ನು ಒಟ್ಟಿದ್ದವು. ಈ ಗಟ್ಟಿ ನೆಲೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಸ್ಪಂಜುಗಳು ನೆಲೆಯೂರಿದವು. ಅಫ್ರೊಕ್ಯಾಲಿಸ್ಟಿಸ್ ವ್ಯಾಸ್ಟಸ್, ಹೆಟಿರೊಕೋನಿ ಕ್ಯಾಲಿಕ್ಸ್ ಮತ್ತು ಫಾರಿಯಾ ಆಕಾ ಎಂಬ ಮೂರು ಪ್ರಭೇದಗಳು ದಿಬ್ಬ ಕಟ್ಟುವ ಮುಖ್ಯ ಸ್ಪಂಜುಗಳು. ಇವುಗಳ ಸಿಲಿಕಾ ಕಡ್ಡಿಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಪ್ರಾಣಿ ಸತ್ತರೂ ಅಸ್ಥಿಪಂಜರ ನಿಂತೇ ಇರುತ್ತದೆ. ಮರಿಸ್ಪಂಜುಗಳು ಅದರ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಪ್ರವಾಹ ತಂದ ಮಣ್ಣು ನಡುವೆ ತುಂಬಿ ಆಧಾರ ಕೊಡುತ್ತದೆ. ಹೀಗೆ ಕೆಲವು ದಿಬ್ಬಗಳು ಸುಮಾರು 20 ಮೀಟರ್ ಎತ್ತರಕ್ಕೆ ಬೆಳೆದಿವೆ. ಇವುಗಳ ಸಂದುಗಳಲ್ಲಿ ಬಂಡೆಮೀನುಗಳ ಮರಿಗಳೂ ಸೀಗಡಿಗಳೂ ಆಶ್ರಯ ಪಡೆಯುತ್ತವೆ.

ಜೀವನಕ್ರಮ

ಸ್ಪಂಜು ತನ್ನ ದೇಹದ ಮೂಲಕ ನೀರನ್ನು ಹಾಯಿಸಿ, ಅದರಲ್ಲಿನ ಬ್ಯಾಕ್ಟೀರಿಯಾಗಳನ್ನು ಸೋಸಿ ತಿನ್ನುತ್ತದೆ. ಗಾಜಿನ ಸ್ಪಂಜಿಗೆ ನರಗಳಿಲ್ಲ. ಆದರೆ ಅದರ ಅಂಗಾಂಶದ ಬಹುಭಾಗವು ಕೋಶಗಳ ನಡುವೆ ಗೋಡೆಗಳಿಲ್ಲದ ಅಖಂಡ ಜಾಲವಾಗಿದ್ದು, ವಿದ್ಯುತ್ ಸಂಕೇತಗಳನ್ನು ಸಾಗಿಸಬಲ್ಲದು. ಸ್ಯಾಲಿ ಲೇಸ್ ಮತ್ತು ಜಾರ್ಜ್ ಮ್ಯಾಕಿ ಎಂಬ ವಿಜ್ಞಾನಿಗಳು ಇದೇ ಕರಾವಳಿಯ ಮತ್ತೊಂದು ಗಾಜಿನ ಸ್ಪಂಜಿನಲ್ಲಿ ಇಂತಹ ಸಂಕೇತಗಳನ್ನು ದಾಖಲಿಸಿ 1997ರಲ್ಲಿ ಪ್ರಕಟಿಸಿದರು. ಸಂಕೇತ ಹರಿದೊಡನೆ ನೀರಿನ ಹರಿವು ನಿಲ್ಲುತ್ತದೆ. ನೀರಿನಲ್ಲಿ ಮಣ್ಣು ಹೆಚ್ಚಾದಾಗ ದಿಬ್ಬ ಕಟ್ಟುವ ಸ್ಪಂಜುಗಳೂ ಹೀಗೆಯೇ ಹರಿವನ್ನು ನಿಲ್ಲಿಸುತ್ತವೆಂದು ನಂತರದ ಪ್ರಯೋಗಗಳು ತೋರಿಸಿವೆ. ಹರಿವು ನಿಂತರೆ ಆಹಾರವೂ ಇಲ್ಲ, ಉಸಿರಾಟಕ್ಕೆ ಹೊಸ ನೀರೂ ಇಲ್ಲ.

ಅಪಾಯ ಮತ್ತು ಸಂರಕ್ಷಣೆ

ತಳವನ್ನು ಗೋರುವ ಟ್ರಾಲ್ ಬಲೆಗಳು ಈ ದಿಬ್ಬಗಳಿಗೆ ದೊಡ್ಡ ಅಪಾಯ. ಬಲೆ ತಾಗಿದರೆ ಗಾಜಿನಂತಹ ಅಸ್ಥಿಪಂಜರ ಪುಡಿಯಾಗುತ್ತದೆ; ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಸ್ಪಂಜು ಮರಳಿ ಚಿಗುರಲು ದೀರ್ಘಕಾಲ ಬೇಕು. ಬಲೆಯು ದೂರದಲ್ಲಿ ಹಾದುಹೋದರೂ, ಅದು ಎಬ್ಬಿಸಿದ ಮಣ್ಣು ತೇಲಿಬಂದು ಸ್ಪಂಜುಗಳ ಆಹಾರ ಸೇವನೆಯನ್ನು ತಡೆಯಬಲ್ಲದು. ಆದ್ದರಿಂದ ದಿಬ್ಬವನ್ನಷ್ಟೇ ಅಲ್ಲ, ಸುತ್ತಲಿನ ತಳವನ್ನೂ ಕಾಯಬೇಕಾಗುತ್ತದೆ. ಕೆನಡಾ ಸರ್ಕಾರವು 2002ರಲ್ಲಿ ಇಲ್ಲಿ ತಳದ ಟ್ರಾಲ್ ಮೀನುಗಾರಿಕೆಯನ್ನು ನಿಷೇಧಿಸಿತು. 2017ರ ಫೆಬ್ರವರಿಯಲ್ಲಿ ಸುಮಾರು 2,410 ಚದರ ಕಿಲೋಮೀಟರ್ ಪ್ರದೇಶವನ್ನು ಕಡಲ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಇದರಲ್ಲಿ ದಿಬ್ಬಗಳಿರುವ ಕೇಂದ್ರ ವಲಯದ ಜೊತೆಗೆ ಅದನ್ನು ಸುತ್ತುವರಿದ ವಲಯವೂ ಸೇರಿದೆ.